ಕೇಜ್ ನೋಡಿ ಕೊಂಡ ಎಸ್ಟೀಮ್: ಸಂಬಳದ ದುಡ್ಡಿನಲ್ಲಿ ಕಾರ್ ರ್ಯಾಲಿಗೆ ಇಳಿದ ನನ್ನ ಅನುಭವ

ಕೊಳ್ಳಲೆಂದು ನಾವು ನೋಡಿದ ಮೊದಲ ಹಳೇ ರ್ಯಾಲಿ ಕಾರು ಬೆಂಗಳೂರಿನ ಹೊರಗಿನ ಒಂದು ಶೆಡ್ಡಿನಲ್ಲಿತ್ತು. ಬಾನೆಟ್ ಎತ್ತಿದರೆ ಕಣ್ಣು ಕುಕ್ಕುವ ಇಂಜಿನ್. ನೀಲಿ ಸಿಲಿಕೋನ್ ಹೋಸುಗಳು, ಬಣ್ಣ ಬಳಿದ ವಾಲ್ವ್ ಕವರ್, ದೊಡ್ಡ ಏರ್ ಫಿಲ್ಟರ್. ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಜೊತೆ ಚಿಕ್ಕಮಗಳೂರಿನಿಂದ ಬಂದಿದ್ದ ಗ್ಯಾರೇಜ್ ಮೇಸ್ತ್ರಿ ಮಾತ್ರ ಅತ್ತ ತಿರುಗಿಯೂ ನೋಡದೆ ನೇರವಾಗಿ ಒಳಗೆ ಹೋಗಿ ಕೂತು, ರೋಲ್ ಕೇಜಿನ, ಅಂದರೆ ಪಲ್ಟಿಯಾದಾಗ ಒಳಗಿರುವವರನ್ನು ಕಾಯುವ ಕಬ್ಬಿಣದ ಪಂಜರದ, ಪೈಪಿನ ಮೇಲೆ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ನನ್ನ ಕೈ ಹಿಡಿದು ಅದೇ ಜಾಗಕ್ಕೆ ಒತ್ತಿದರು. ಬಣ್ಣದ ಕೆಳಗೆ ಸಣ್ಣದೊಂದು ಏರು, ಪೈಪಿನ ಈ ತುದಿಯಿಂದ ಆ ತುದಿವರೆಗೆ.

“ಇದು ನಲ್ಲಿ ಪೈಪು ಮಾರಾಯ. ತಗಡು ಸುತ್ತಿ ಬೆಸುಗೆ ಹಾಕಿದ್ದು. ಪಲ್ಟಿ ಹೊಡೆದ್ರೆ ಈ ಗೆರೆಯಲ್ಲೇ ಬಾಯಿ ಬಿಡ್ತದೆ. ನಡಿ ಹೋಗಣ.”

ಆ ಕಾರಿಗೆ ಹೇಳಿದ್ದ ಬೆಲೆ ಕಮ್ಮಿಯೇ ಇತ್ತು. ನಾವು ಚಹಾ ಕೂಡ ಕುಡಿಯದೆ ಹೊರಟೆವು. ಹಳೇ ರ್ಯಾಲಿ ಕಾರಿನಲ್ಲಿ ಕೊಳ್ಳಬೇಕಾದದ್ದು ಬಾಡಿ ಮತ್ತು ಕೇಜ್, ಇಂಜಿನ್ ಅಲ್ಲ ಎಂಬುದು ಅವತ್ತು ನನ್ನ ಬೆರಳಿಗೆ ಅರ್ಥವಾಯಿತು. ಇಂಜಿನ್ ಹೋದರೆ ಇನ್ನೊಂದು ಸಿಗುತ್ತದೆ. ಕೇಜ್ ಸರಿಯಿಲ್ಲದ ಕಾರಿಗೆ ಹೊಸ ಕೇಜ್ ಹಾಕಿಸಬೇಕಾದರೆ ಸೀಟು, ಡ್ಯಾಶ್‌ಬೋರ್ಡ್, ವೈರಿಂಗ್ ಎಲ್ಲ ಬಿಚ್ಚಿ, ಬಾಡಿಯನ್ನು ಬೋಳು ತಗಡಿಗೆ ಇಳಿಸಿ, ಮತ್ತೆ ಕಟ್ಟಬೇಕು. ಆ ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು. ಅಪ್ಪನಿಗೆ ಎರಡೆಕರೆ ತೋಟ ಇದೆ. ತೋಟದ ಮಣ್ಣುದಾರಿಯಲ್ಲಿ ಪಿಕಪ್ ಓಡಿಸಿಯೇ ನಾನು ಡ್ರೈವಿಂಗ್ ಕಲಿತದ್ದು. ನಮ್ಮ ಕಡೆಯ ಎಸ್ಟೇಟುಗಳಲ್ಲಿ ರ್ಯಾಲಿ ನಡೆದಾಗಲೆಲ್ಲ ಬೆಳಗ್ಗೆ ಐದಕ್ಕೇ ಹೋಗಿ ತಿರುವಿನಲ್ಲಿ ನಿಲ್ಲುತ್ತಿದ್ದೆ. 2017ರಲ್ಲಿ, ಎಂಟು ವರ್ಷ ಕೂಡಿಟ್ಟ ದುಡ್ಡು ನಾಲ್ಕೂವರೆ ಲಕ್ಷ ಮುಟ್ಟಿದಾಗ, ನೋಡುತ್ತಾ ನಿಂತದ್ದು ಸಾಕು ಅನ್ನಿಸಿತು.

ಎಸ್ಟೀಮನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಮಾರುತಿ 1994ರಿಂದ 2007ರವರೆಗೆ ಈ ಕಾರನ್ನು ಮಾರಿತು. ಕೊನೆಯ ವರ್ಷಗಳ 1.3 ಲೀಟರಿನ 16 ವಾಲ್ವ್ ಇಂಜಿನ್ ಕಂಪನಿಯಿಂದಲೇ 85 ಬಿಎಚ್‌ಪಿ ಕೊಡುತ್ತಿತ್ತು, ಕಾರಿನ ತೂಕವೋ ಒಂಬೈನೂರು ಕಿಲೋ ಒಳಗೆ. ಇದೇ ವಂಶದ ಜಿ13 ಇಂಜಿನ್ ಜಿಪ್ಸಿಯಲ್ಲೂ ವರ್ಸಾದಲ್ಲೂ ಇದ್ದುದರಿಂದ ರಿಪೇರಿ ಗೊತ್ತಿಲ್ಲದ ಗ್ಯಾರೇಜು ನಮ್ಮ ಜಿಲ್ಲೆಯಲ್ಲೇ ಇಲ್ಲ. ರ್ಯಾಲಿಯಲ್ಲೂ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೂ ವರ್ಷಗಟ್ಟಲೆ ಎಸ್ಟೀಮ್‌ಗಳು ಓಡಿರುವುದರಿಂದ ಯಾವ ಭಾಗ ಎಲ್ಲಿ ಮುರಿಯುತ್ತದೆ ಎಂಬುದು ಬಲ್ಲವರಿಗೆಲ್ಲ ಬಾಯಿಪಾಠ. ಜಿಪ್ಸಿ ಇನ್ನೂ ಗಟ್ಟಿ, ನಿಜ. ಆದರೆ ರ್ಯಾಲಿಗೆ ಕಟ್ಟಿದ ಒಳ್ಳೆಯ ಜಿಪ್ಸಿಯ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ.

ಐದನೆಯದಾಗಿ ನೋಡಿದ್ದು 2004ರ ಎಸ್ಟೀಮ್. ಹೊರಗೆ ಬಣ್ಣ ಮಾಸಿತ್ತು, ಬಂಪರ್ ಒಡೆದಿತ್ತು. ಅದನ್ನು ನೋಡಲು ನಾವು ಅರ್ಧ ದಿನ ಇಟ್ಟುಕೊಂಡೆವು. ಮೊದಲು ವರ್ನಿಯರ್ ಹಿಡಿದು ಕೇಜ್ ಅಳೆದೆವು. ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಡ್ರೈವರ್ ಬೆನ್ನ ಹಿಂದಿನ ಮುಖ್ಯ ಕಮಾನಿಗೆ ಸೀಮ್, ಅಂದರೆ ಉದ್ದದ ಬೆಸುಗೆ ಗೆರೆ, ಇಲ್ಲದ ಪೈಪು ಬೇಕು. 45 ಮಿಲಿಮೀಟರ್ ವ್ಯಾಸವಾದರೆ 2.5 ದಪ್ಪ, 50 ಆದರೆ 2 ದಪ್ಪ. ಇದು 45 ಇತ್ತು, ದಪ್ಪದ ಲೆಕ್ಕ ರ್ಯಾಲಿಗೆ ಮುಂಚಿನ ತಪಾಸಣೆಯ ಹಳೇ ಸ್ಕ್ರೂಟಿನಿ ಕಾಗದದಲ್ಲಿ ಸಿಕ್ಕಿತು. ನಂತರ ಬೆಸುಗೆ. ಕಣ್ಣಿಗೆ ಕಾಣುವ ಕಡೆ ಎಲ್ಲರೂ ಚೆನ್ನಾಗಿಯೇ ಬೆಸುಗೆ ಹಾಕಿರುತ್ತಾರೆ. ಪೈಪು ಛಾವಣಿಗೆ ತಾಗಿಕೊಂಡಿರುವ ಮೇಲ್ಭಾಗಕ್ಕೆ ಟಾರ್ಚ್ ತಲುಪುವುದು ಕಷ್ಟ, ಅಲ್ಲೇ ಅರ್ಧಕ್ಕೆ ಬಿಟ್ಟಿರುತ್ತಾರೆ. ಮೇಸ್ತ್ರಿ ಅಲ್ಲಿಗೆ ಮೊಬೈಲ್ ತೂರಿಸಿ ಒಂದೊಂದು ಜಾಯಿಂಟಿನ ಫೋಟೋ ತೆಗೆದರು. ಸುತ್ತಲೂ ತುಂಬಿತ್ತು. ಕೇಜಿನ ಕಾಲು ನೆಲಕ್ಕೆ ಕೂರುವಲ್ಲಿ ತಗಡಿಗೆ ಬಲ ಕೊಡುವ ಪ್ಲೇಟುಗಳೂ ಇದ್ದವು. ಇವು ಇಲ್ಲದಿದ್ದರೆ ಪಲ್ಟಿಯಾದಾಗ ಕೇಜ್ ಗಟ್ಟಿಯಾಗಿಯೇ ಉಳಿದು ಕಾರಿನ ನೆಲವನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ.

ಮುಂದಿನ ಶಾಕ್ ಅಬ್ಸಾರ್ಬರುಗಳ ತಲೆ ಕೂರುವ ಟವರುಗಳಲ್ಲಿ ಬಿರುಕು ಹುಡುಕಿದೆವು. ಬಲಗಡೆ ಒಂದು ಹಳೇ ಬಿರುಕನ್ನು ಮುಚ್ಚಿ, ಮೇಲೆ ಪ್ಲೇಟ್ ಕೊಟ್ಟು ಬೆಸೆದಿದ್ದರು. ಪ್ರಾಮಾಣಿಕ ಕೆಲಸ, ಅದನ್ನು ಬಣ್ಣ ಬಳಿದು ಅಡಗಿಸಿರಲಿಲ್ಲ. ಆ ಮಾರುವವರ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿ. ಆಮೇಲೆ ಕಾರಿನಡಿ ಮಲಗಿ, ಎಡ ಮುಂಬದಿಯಿಂದ ಬಲ ಹಿಂಬದಿಗೆ, ಬಲ ಮುಂಬದಿಯಿಂದ ಎಡ ಹಿಂಬದಿಗೆ ದಾರ ಹಿಡಿದು ಅಳೆದೆವು. ಎರಡಕ್ಕೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಬಾಡಿ ಸೊಟ್ಟಗಾಗಿಲ್ಲ ಎಂದಾಯಿತು.

ಇಂಜಿನ್ನಿನ ಸರದಿ ಬಂದದ್ದು ಊಟ ಆದ ಮೇಲೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರೆ ಮೂರು ಸಿಲಿಂಡರ್ 178, 176, 174 ತೋರಿಸಿದವು, ನಾಲ್ಕನೆಯದು 142ಕ್ಕೇ ನಿಂತಿತು. ಅದರೊಳಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸುತ್ತಿದಾಗ 165ಕ್ಕೆ ಏರಿತು. ಆಯಿಲ್ ಬಿಟ್ಟಾಗ ಏರಿದರೆ ಸೋರಿಕೆ ಪಿಸ್ಟನ್ ರಿಂಗಿನಲ್ಲಿ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ರಿಂಗ್ ಹೋಗಿದೆ ಎಂಬುದು ನಮ್ಮಿಬ್ಬರಿಗೂ ಒಳ್ಳೆಯ ಸುದ್ದಿಯೇ ಆಗಿತ್ತು. 2,40,000 ಹೇಳಿದ್ದವರು ಆ ಗೇಜನ್ನು ತಾವೇ ನೋಡಿ 1,95,000ಕ್ಕೆ ಒಪ್ಪಿದರು. ಅದನ್ನು ಬಿಚ್ಚಿ ರಿಂಗು, ಬೇರಿಂಗು, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿಸಲು ನನಗೆ ಬಿದ್ದದ್ದು 31,000.

ಕಾಗದ ಪತ್ರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಟ್ರ್ಯಾಕ್ ಕಾರಿನಂತಲ್ಲ, ರ್ಯಾಲಿ ಕಾರು ಒಂದು ಸ್ಟೇಜಿನಿಂದ (ದಾರಿ ಮುಚ್ಚಿ, ಸಮಯ ಹಿಡಿದು ಓಡಿಸುವ ಭಾಗ) ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಎಲ್ಲ ಚಾಲ್ತಿಯಲ್ಲಿರಬೇಕು. ಇಂಜಿನ್ ಬದಲಾಯಿಸಿದ್ದರೆ ಆರ್‌ಸಿಯಲ್ಲಿರುವ ನಂಬರಿಗೂ ಬ್ಲಾಕಿನ ಮೇಲಿರುವ ನಂಬರಿಗೂ ತಾಳೆ ನೋಡಿ. ನಾನು ನೋಡಿದ ಎರಡನೇ ಕಾರು ಬಿಟ್ಟದ್ದು ಇದೇ ಕಾರಣಕ್ಕೆ. ಇನ್ಶೂರೆನ್ಸ್ ಇದೆ ಎಂದು ಸ್ಟೇಜಿನೊಳಗೆ ಆದ ಪೆಟ್ಟಿಗೆ ದುಡ್ಡು ಬರುತ್ತದೆ ಅಂದುಕೊಳ್ಳಬೇಡಿ, ಸ್ಪರ್ಧೆಯ ಬಳಕೆಯನ್ನು ಮಾಮೂಲಿ ಪಾಲಿಸಿ ಹೊರಗಿಟ್ಟಿರುತ್ತದೆ. ಕಾರು ಮುರಿದರೆ ನಮ್ಮ ಜೇಬಿನಿಂದಲೇ ಕಟ್ಟಬೇಕು ಎಂದು ಎಣಿಸಿಯೇ ನಾನು ಬಜೆಟ್ ಹಾಕಿದ್ದು.

ಕಾರಿನಲ್ಲಿ ಸೀಟು, ಬೆಲ್ಟ್ ಎರಡೂ ಇದ್ದವು, ಎರಡರ ಅವಧಿಯೂ ಮುಗಿದಿತ್ತು. ಎಫ್‌ಐಎ ಬೆಲ್ಟಿನ ಮೇಲೆ ಹೊಲಿದಿರುವ ಚೀಟಿಯಲ್ಲಿ ಯಾವ ವರ್ಷದವರೆಗೆ ಎಂದು ಬರೆದಿರುತ್ತದೆ. ಆ ಕಾರಿನಲ್ಲಿದ್ದಂಥ ಮಾಮೂಲಿ ಸೀಟಿಗೆ ಆಗ ತಯಾರಾದ ದಿನದಿಂದ ಐದು ವರ್ಷ. ಬೆಲ್ಟಿನ ನೇಯ್ಗೆ ಬಿಸಿಲಿಗೆ, ಬೆವರಿಗೆ ಒಳಗೊಳಗೇ ಸವೆಯುತ್ತದೆ, ಕಣ್ಣಿಗೆ ಹೊಸದರಂತೆಯೇ ಕಾಣುತ್ತಿರುತ್ತದೆ. ಎರಡು ಬೆಲ್ಟ್ ಸೆಟ್ ಹೊಸದೇ ತಂದೆ, 38,000. ಹೆಲ್ಮೆಟ್ ಎರಡೂ ಹೊಸದು, 44,000. ಬೇರೊಬ್ಬರ ತಲೆಯಲ್ಲಿದ್ದ ಹೆಲ್ಮೆಟ್ ಎಷ್ಟು ಸಲ ನೆಲಕ್ಕೆ ಬಿದ್ದಿದೆಯೋ ನಮಗೆ ತಿಳಿಯುವುದಿಲ್ಲ, ಅದರಲ್ಲಿ ನಾನು ಉಳಿತಾಯ ಮಾಡುವುದಿಲ್ಲ. ಸೀಟುಗಳನ್ನು ಮಾತ್ರ ಮೂರು ವರ್ಷ ಅವಧಿ ಉಳಿದಿದ್ದ, ಪೆಟ್ಟು ಕಾಣದ ಜೋಡಿ ಸಿಕ್ಕಿದ್ದರಿಂದ 36,000ಕ್ಕೆ ತೆಗೆದುಕೊಂಡೆ. ಬೆಂಕಿ ತಡೆಯುವ ಸೂಟುಗಳು ಹಳೆಯವೇ, ಎರಡಕ್ಕೆ 22,000.

ಉಳಿತಾಯ ಮಾಡಿದ್ದು ಟೈರಿನಲ್ಲಿ. ಚಾಂಪಿಯನ್‌ಶಿಪ್ ಗೆಲ್ಲಲು ಬರುವ ತಂಡಗಳು ಒಂದು ರ್ಯಾಲಿ ಓಡಿದ ಗ್ರಾವೆಲ್ ಟೈರನ್ನು ಮತ್ತೆ ಹಾಕುವುದು ಕಡಿಮೆ. ಭಾನುವಾರ ಸಂಜೆ ಬಹುಮಾನ ಹಂಚುವ ಹೊತ್ತಿಗೆ ತಂಡಗಳು ಕಾರು ರಿಪೇರಿ ಮಾಡುವ ಸರ್ವಿಸ್ ಪಾರ್ಕಿನಲ್ಲಿ ವಿನಯವಾಗಿ ಕೇಳಿದರೆ ಅರ್ಧ ಸವೆದ ಟೈರು ಸಿಗುತ್ತವೆ. ಎಂಟು ಟೈರು 20,000ಕ್ಕೆ ತಂದೆ, ಎರಡು ವರ್ಷ ಓಡಿಸಿದೆ. ಕೊಳ್ಳುವ ಮೊದಲು ಒಳಗೋಡೆಯನ್ನು ಬಗ್ಗಿಸಿ ನೋಡಬೇಕು. ಕಲ್ಲು ಕೊಯ್ದ ಗಾಯ ಹೊರಗಿಗಿಂತ ಅಲ್ಲಿ ಹೆಚ್ಚು. ನಾಲ್ಕು ಹೆಚ್ಚುವರಿ ರಿಮ್, ಲೋಯರ್ ಆರ್ಮ್, ಎರಡು ಆಕ್ಸಲ್, ಒಂದು ಗೇರ್ ಬಾಕ್ಸ್ ಎಲ್ಲ ಶಿವಾಜಿನಗರದ ಗುಜರಿಯಿಂದ ಬಂದವು. ರಬ್ಬರಿನ ಸಾಮಾನು, ಬೇರಿಂಗು, ಬ್ರೇಕಿಗೆ ಸೇರಿದ್ದು ಮಾತ್ರ ಜೆ.ಸಿ. ರಸ್ತೆಯಿಂದ ಹೊಸದೇ. ಶಾಕ್‌ಗಳನ್ನು ಬಿಚ್ಚಿಸಿ ಸೀಲು, ಎಣ್ಣೆ ಬದಲಿಸಿದ್ದಕ್ಕೆ 18,000 ಆಯಿತು. ಮಣ್ಣಿನ ಹಾದಿಯಲ್ಲಿ ಕಾರನ್ನು ಓಡಿಸುವುದೇ ಶಾಕ್, ಇಂಜಿನ್ ಅದರ ಹಿಂದೆ ಬರುತ್ತದೆ. ಹತ್ತು ಕುದುರೆ ಹೆಚ್ಚಿಸಲು ಕ್ಯಾಮ್ ಹಾಕಿಸು ಎಂದು ಎಷ್ಟು ಜನ ಹೇಳಿದರೂ ನಾನು ಇಂಜಿನ್ನನ್ನು ಕಂಪನಿ ಕೊಟ್ಟಂತೆಯೇ ಬಿಟ್ಟೆ.

ಹೋಸು, ಕ್ಲಿಪ್ಪು, ಆಯಿಲುಗಳ ಚಿಲ್ಲರೆ ಲೆಕ್ಕವೂ ಸೇರಿ ಕಾರಿನ ಬೆಲೆಯ ಮೇಲೆ ಇನ್ನೂ 2,31,000 ಖರ್ಚಾಯಿತು. ನಾಲ್ಕೂವರೆ ಲಕ್ಷದಲ್ಲಿ ಉಳಿದದ್ದು 24,000. ಕೈಯಲ್ಲಿರುವ ದುಡ್ಡೆಲ್ಲ ಸುರಿದು ಕಾರು ಕೊಂಡವರು ಮೊದಲ ರ್ಯಾಲಿಗೇ ಬರಲಾಗದೆ ಮಾರಿದ್ದನ್ನು ಕಂಡಿದ್ದೇನೆ. ಅರ್ಧ ದುಡ್ಡಿಗೆ ಮಾತ್ರ ಕಾರು ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮೊದಲ ಎಂಟು ತಿಂಗಳು ಟಿಎಸ್‌ಡಿ (ವೇಗಕ್ಕಲ್ಲ, ನಿಗದಿತ ಸಮಯ ಪಾಲಿಸುವುದಕ್ಕೆ ಅಂಕ ಕೊಡುವ ರ್ಯಾಲಿ) ಮತ್ತು ಆಟೋಕ್ರಾಸ್‌ಗಳಿಗೆ (ಬಯಲಿನ ಸಣ್ಣ ಮಣ್ಣುಹಾದಿಯ ಓಟ) ಮಾತ್ರ ಹೋದೆವು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವ ನ್ಯಾವಿಗೇಟರ್ ನನ್ನ ಚಿಕ್ಕಮ್ಮನ ಮಗ, ನನಗೆ ತಮ್ಮ. ದೇಶದ ಮೋಟಾರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್, ವೈದ್ಯರ ಸರ್ಟಿಫಿಕೇಟ್ ಎಲ್ಲ ಇಬ್ಬರೂ ಒಟ್ಟಿಗೆ ಮಾಡಿಸಿದೆವು. ನಿಜವಾದ ಸ್ಪೀಡ್ ರ್ಯಾಲಿಗೆ ಇಳಿದದ್ದು ಮುಂದಿನ ವರ್ಷ, ನಮ್ಮದೇ ಜಿಲ್ಲೆಯ ತೋಟಗಳಲ್ಲಿ.

ಮೂರನೇ ಸ್ಟೇಜ್. ಎರಡು ಕಿಲೋಮೀಟರ್ ಒಳಗೆ, ಏರಿನಲ್ಲಿ, ಬಲಕ್ಕೆ ಹೇರ್‌ಪಿನ್ ತಿರುವು. ಎರಡನೇ ಗೇರಿಗೆ ಇಳಿಸಿ ಕಾಲು ತೆಗೆದೆ, ಕ್ಲಚ್ ಪೆಡಲ್ ಮಾತ್ರ ಮೇಲೆ ಬರಲಿಲ್ಲ. ಕೇಬಲ್ ತುಂಡಾಗಿತ್ತು.

“ಕ್ಲಚ್ ಹೋಯ್ತು” ಅಂದೆ.

“ಗೇರಲ್ಲಿದೆಯಾ?”

“ಸೆಕೆಂಡಲ್ಲಿದೆ.”

“ಹಂಗಿದ್ರೆ ನಡಿ ಅಣ್ಣ, ನಿಲ್ಲಿಸ್ಬೇಡ” ಅಂದವನು ಅದೇ ಉಸಿರಿನಲ್ಲಿ ಮುಂದಿನ ತಿರುವಿನ ನೋಟ್ ಓದಿದ. ಅವನ ದನಿ ಒಂಚೂರೂ ನಡುಗಲಿಲ್ಲ. ಆಕ್ಸಿಲರೇಟರ್ ಅರೆಕ್ಷಣ ಸಡಿಲಿಸಿ, ಗೇರ್ ಲಿವರನ್ನು ಎರಡು ಬೆರಳಲ್ಲಿ ಮೆತ್ತಗೆ ಒತ್ತಿ ಹಿಡಿದರೆ, ಇಂಜಿನ್ನಿನ ಸುತ್ತೂ ಚಕ್ರದ ಸುತ್ತೂ ಕೂಡಿದ ಕ್ಷಣಕ್ಕೆ ಗೇರು ತಾನೇ ಜಾರಿ ಒಳಗೆ ಹೋಗುತ್ತದೆ. ಹಾಗೆ ಎರಡು, ಮೂರು, ಮತ್ತೆ ಎರಡು ಎಂದು ಸ್ಟೇಜ್ ಮುಗಿಸಿದೆ. ಆದರೆ ಫಿನಿಷ್ ದಾಟಿದ ಮೇಲೆ ಸಮಯ ಬರೆಸಲು ನಿಲ್ಲಲೇಬೇಕು. ನಿಂತೆ, ಇಂಜಿನ್ ಆಫ್ ಮಾಡಿದೆ. ಮತ್ತೆ ಹೊರಡಲು ಒಂದನೇ ಗೇರ್ ಹಾಕಿಟ್ಟೇ ಕೀ ತಿರುಗಿಸಿದೆ. ಸ್ಟಾರ್ಟರ್ ಮೋಟಾರೇ ಕಾರನ್ನು ಎಳೆದುಕೊಂಡು ಹೊರಟಿತು, ಎರಡು ಮಾರು ಹೋಗುವಷ್ಟರಲ್ಲಿ ಇಂಜಿನ್ ಹಿಡಿಯಿತು.

ಸರ್ವಿಸ್ ಪಾರ್ಕಿಗೆ ಹದಿನಾಲ್ಕು ಕಿಲೋಮೀಟರ್, ನಡುವೆ ಒಂದು ಸಂತೆ. ಜನ, ದನ, ಆಟೋ. ನನ್ನ ತಮ್ಮ ಕಿಟಕಿಯಿಂದ ಕೈ ಹೊರಹಾಕಿ ಎಲ್ಲರಿಗೂ ಮುಗಿಯುತ್ತಾ ದಾರಿ ಬಿಡಿಸಿಕೊಂಡ. ಮೂರು ಸಲ ನಿಂತು, ಮೂರು ಸಲ ಸ್ಟಾರ್ಟರಿನಲ್ಲೇ ಹೊರಟೆವು. ನಾಲ್ಕು ನಿಮಿಷ ತಡವಾಗಿ ತಲುಪಿದೆವು. ತಡವಾದ ಒಂದೊಂದು ನಿಮಿಷಕ್ಕೆ ಹತ್ತು ಸೆಕೆಂಡ್ ದಂಡ, ಒಟ್ಟು ನಲವತ್ತು. ಮೇಸ್ತ್ರಿ ಅರ್ಧ ಗಂಟೆಯ ಸರ್ವಿಸಿನಲ್ಲಿ ಹದಿನೆಂಟು ನಿಮಿಷಕ್ಕೆ ಕೇಬಲ್ ಹಾಕಿ ಮುಗಿಸಿದರು. ಅದರ ಬೆಲೆ 380 ರೂಪಾಯಿ. ಹಳೆಯದನ್ನು ಬದಲಿಸದೆ ಬಿಟ್ಟಿದ್ದವನು ನಾನೇ, ಚೆನ್ನಾಗಿಯೇ ಇದೆಯಲ್ಲ ಎಂದು. ಅವತ್ತು ನಮ್ಮ ಕ್ಲಾಸಿನಲ್ಲಿ ಆರನೆಯವರಾಗಿ ಮುಗಿಸಿದೆವು.

ಈಗ ನಮ್ಮ ಕಾರಿನಲ್ಲಿ ಎರಡು ಕ್ಲಚ್ ಕೇಬಲ್ ಪಕ್ಕಪಕ್ಕದಲ್ಲೇ ಹಾದುಹೋಗಿವೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಎರಡೂ ತುದಿ ಕಟ್ಟಿಸಿಕೊಂಡು ಕಾಯುತ್ತದೆ. ತುಂಡಾದರೆ ಎರಡು ಕೊಕ್ಕೆ ಬದಲಿಸಿದರೆ ಸಾಕು. ಸಸ್ಪೆನ್ಷನ್ನಿನ ಪ್ರತಿ ನಟ್ಟನ್ನೂ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬಾಡಿಗೆ ಹಾಯುವಂತೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿದ್ದೇವೆ. ಸರ್ವಿಸಿನಲ್ಲಿ ಸ್ಪ್ಯಾನರ್ ಹಿಡಿದು ಎಲ್ಲವನ್ನೂ ತಡವಬೇಕಾಗಿಲ್ಲ, ಟಾರ್ಚ್ ಬಿಟ್ಟು ಗೆರೆ ಮುರಿದಿದೆಯೇ ಎಂದು ನೋಡಿದರಾಯಿತು. ಒಂದು ನೋಟ್‌ಬುಕ್ಕಿನಲ್ಲಿ ಯಾವ ಭಾಗ ಯಾವತ್ತು ಹಾಕಿದ್ದು, ಎಷ್ಟು ಸ್ಟೇಜ್ ಓಡಿದೆ ಎಂದು ಬರೆಯುತ್ತೇವೆ. ಇಂಜಿನ್ ಆಯಿಲ್ ಪ್ರತಿ ರ್ಯಾಲಿಗೆ, ಚಕ್ರದ ಬೇರಿಂಗ್ ಎರಡು ರ್ಯಾಲಿಗೆ ಒಮ್ಮೆ. ಆಕ್ಸಲ್ ಬೂಟು ಹರಿದಿದ್ದರೆ ಅವತ್ತೇ ಬದಲು, ಗ್ರೀಸ್ ಹೊರಗೆ ಹೋಗಿ ಮಣ್ಣು ಒಳಗೆ ಹೊಕ್ಕರೆ ಸಿವಿ ಜಾಯಿಂಟ್ ಒಂದು ಸ್ಟೇಜೂ ತಾಳುವುದಿಲ್ಲ.

ವರ್ಷಕ್ಕೆ ಎರಡು ರ್ಯಾಲಿ, ಎರಡು ಆಟೋಕ್ರಾಸ್. ಅಷ್ಟೇ ನಮ್ಮ ಕೈಲಾಗುವುದು. ಪ್ರವೇಶ ಶುಲ್ಕ, ಪೆಟ್ರೋಲು, ಮೇಸ್ತ್ರಿ ಮತ್ತು ಹುಡುಗರ ಊಟ, ರೂಮು, ಮುರಿದದ್ದು ಎಲ್ಲ ಸೇರಿ ಒಂದು ರ್ಯಾಲಿಗೆ ಐವತ್ತು ಸಾವಿರದ ಹತ್ತಿರ ಬರುತ್ತದೆ, ತಮ್ಮನೂ ನಾನೂ ಅರ್ಧರ್ಧ ಹಾಕುತ್ತೇವೆ. 2019ರಲ್ಲಿ ಕಾರಿಗೆ ಹದಿನೈದು ತುಂಬಿದಾಗ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಐದು ವರ್ಷಕ್ಕೆ ಮುಂದುವರಿಸಿಕೊಂಡೆವು, 2024ರಲ್ಲಿ ಮತ್ತೊಮ್ಮೆ. ಕಾರು ನಮ್ಮ ಕಣದ ಪಕ್ಕದ ಶೆಡ್ಡಿನಲ್ಲಿದೆ. ಕೊಯ್ಲು ಶುರುವಾದರೆ ಆ ಜಾಗ ಕಾಫಿ ಮೂಟೆಗೆ ಬೇಕು ಎಂದು ಅಪ್ಪ ಆಗಲೇ ಎರಡು ಸಲ ಹೇಳಿದ್ದಾರೆ. ಅಷ್ಟರೊಳಗೆ ಶಾಕ್‌ಗಳನ್ನು ಬಿಚ್ಚಬೇಕು, ಬಲಗಡೆ ಟವರಿನ ಹಳೇ ಬೆಸುಗೆಯನ್ನು ಇನ್ನೊಮ್ಮೆ ನೋಡಬೇಕು. ಈ ಡಿಸೆಂಬರಿಗೆ ಬೆಲ್ಟಿನ ಚೀಟಿಯ ವರ್ಷವೂ ಮುಗಿಯುತ್ತದೆ, ಅದಕ್ಕೆ ದುಡ್ಡು ಈಗಿನಿಂದಲೇ ತೆಗೆದಿಡುತ್ತಿದ್ದೇನೆ.