ಕಡಲಯಾನದ ಹಳೆಯ ಪ್ರಾಣಿಶಾಸ್ತ್ರ ಗ್ರಂಥಗಳು: ಕೊಳ್ಳುವ ಮುನ್ನ ಫಲಕ ಎಣಿಸಿ

ಕಲಬುರಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಲೇ ಈ ಪುಸ್ತಕಗಳ ಬೆನ್ನು ಹತ್ತಿದವನು ನಾನು. ವಿಜ್ಞಾನಿಗಳನ್ನು ಹೊತ್ತ ನೌಕೆಗಳು ಆಳ ಕಡಲಿಗೆ ಬಲೆ ಇಳಿಸಿ ತಂದ ಜೀವಿಗಳನ್ನು ಬಣ್ಣಿಸುವ ಸಂಪುಟಗಳಿವು. ಇವುಗಳ ಜೀವಾಳ ಚಿತ್ರಫಲಕಗಳು, ಅಂದರೆ ಬೇರೆಯಾಗಿ ಅಚ್ಚು ಹಾಕಿ ಸೇರಿಸಿದ ಚಿತ್ರದ ಹಾಳೆಗಳು. ರಟ್ಟಿನ ಅಂದಕ್ಕೆ ಮರುಳಾಗಬೇಡಿ, ಫಲಕಗಳನ್ನು ಎಣಿಸಿ.

ಎಲ್ಲರ ಕಣ್ಣು ಮೊದಲು ಬೀಳುವುದು ‘ಚಾಲೆಂಜರ್’ ಮೇಲೆ. 1872ರಿಂದ 1876ರವರೆಗೆ ಸಂಚರಿಸಿದ ಆ ಬ್ರಿಟಿಷ್ ನೌಕೆಯ ವರದಿ 50 ಸಂಪುಟಗಳಷ್ಟಿದೆ. ಇಡೀ ಸೆಟ್ಟಿನ ಆಸೆ ಬಿಟ್ಟು ನಿಮಗೆ ಪ್ರಿಯವಾದ ಒಂದು ಪ್ರಾಣಿವರ್ಗದ ಬಿಡಿ ವರದಿ ಹುಡುಕಿ. ನನ್ನ ಮಾತು ಕೇಳುವುದಾದರೆ ‘ಇನ್ವೆಸ್ಟಿಗೇಟರ್’ನಿಂದಲೇ ಆರಂಭಿಸಿ. ಅದು ನಮ್ಮ ಕಡಲುಗಳನ್ನೇ ಅಳೆದ ಸರ್ವೆ ನೌಕೆ. ಅದರಲ್ಲಿ ವೈದ್ಯನೂ ಪ್ರಾಣಿತಜ್ಞನೂ ಆಗಿದ್ದ ಆಲ್ಕಾಕ್ 1902ರಲ್ಲಿ ತನ್ನ ಅನುಭವಗಳ ಪುಸ್ತಕ ಪ್ರಕಟಿಸಿದ. ಒಂದೇ ಸಂಪುಟ, ಓದಲೂ ಸೊಗಸು. ಅದೇ ನೌಕೆಯ ಚಿತ್ರಸಂಪುಟಗಳು ಮಾತ್ರ 1892ರಿಂದ ಕಲ್ಕತ್ತೆಯಲ್ಲಿ ಕಂತು ಕಂತಾಗಿ ಬಂದವು. ಕೊಂಡವರು ತಮಗೆ ತೋಚಿದಂತೆ ಬೈಂಡ್ ಮಾಡಿಸಿದರು. ಒಂದು ಪ್ರತಿಯಲ್ಲಿ ಮೀನುಗಳಷ್ಟೇ ಇದ್ದರೆ, ಇನ್ನೊಂದರಲ್ಲಿ ಏಡಿ, ಸಿಗಡಿ. ಹಾಗಾಗಿ ಮಾರುವವರು ‘ಸಂಪೂರ್ಣ’ ಎಂದರೆ ಸಾಲದು.

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಇಂಥ ಗ್ರಂಥಗಳ ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಒಂದೊಂದು ಫಲಕದ ಸಂಖ್ಯೆಯನ್ನೂ ಅದರ ವಿವರಣೆಯ ಹಾಳೆಯನ್ನೂ ತಾಳೆ ನೋಡಿ. ಚಾಲೆಂಜರ್ ಮಾಲೆಯಲ್ಲಿ ಜರ್ಮನ್ ಪ್ರಾಣಿತಜ್ಞ ಹೆಕೆಲ್ ಬರೆದ ರೇಡಿಯೋಲೇರಿಯಾ (ಕಡಲಿನ ಸೂಕ್ಷ್ಮ ಏಕಕೋಶ ಜೀವಿಗಳು) ವರದಿಗೆ 140 ಫಲಕಗಳು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಲೆಂದು ಇಂಥ ಫಲಕಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರುವವರಿದ್ದಾರೆ. ಅವರಿಂದ ಒಂದು ಹಾಳೆಯನ್ನೂ ಕೊಳ್ಳಬೇಡಿ. ಕೊಂಡರೆ ಮುಂದಿನ ಪುಸ್ತಕಕ್ಕೂ ಬ್ಲೇಡ್ ಬೀಳುತ್ತದೆ.

ಕಿತ್ತ ಜಾಗ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಹೊಲಿಗೆಯ ಸಂದಿನಲ್ಲಿ ಬೆರಳು ಮೆಲ್ಲಗೆ ಎಳೆದರೆ ಕತ್ತರಿಸಿದ ಹಾಳೆಯ ಅಂಚು ತಡೆಯುತ್ತದೆ. ಎದುರು ಪುಟದಲ್ಲಿ ಹಳೆಯ ಚಿತ್ರದ ಮಸುಕು ಗುರುತು ಉಳಿದು, ಚಿತ್ರವೇ ಇಲ್ಲದಿದ್ದರೆ ಅನುಮಾನವೇ ಬೇಡ.

ಇನ್ನು ಫಲಕ ಹಳೆಯದೇ ಎಂದು ತಿಳಿಯಲು ಭೂತಗನ್ನಡಿ ಹಿಡಿಯಿರಿ. ಹೆಕೆಲ್‌ನ ಆ ಫಲಕಗಳು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಅಚ್ಚು ತೆಗೆದವು. ಕಲ್ಲಚ್ಚಿಗೆ ಹೆಸರಾದದ್ದು ಜರ್ಮನಿಯ ಸೋಲ್ನ್‌ಹೋಫನ್ನಿನ ನುಣುಪು ಸುಣ್ಣಕಲ್ಲು. ನಾವು ಮನೆಗೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣಕಲ್ಲೇ ಎಂಬುದು ನೆನಪಾದಾಗಲೆಲ್ಲ ನನಗೆ ಹಿಗ್ಗು. ಕಲ್ಲಚ್ಚಿನಲ್ಲಿ ಛಾಯೆ ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿ ಕಾಣುತ್ತದೆ. ಸಾಲುಗಟ್ಟಿದ ಚುಕ್ಕೆಗಳು ಕಂಡರೆ ಅದು ಈಚಿನ ಮರುಮುದ್ರಣ.

ನಮ್ಮ ಭಾಗದವರಿಗೆ ಹತ್ತಿರದ ದಾರಿ ಹೈದರಾಬಾದಿನ ಆಬಿಡ್ಸ್. ಭಾನುವಾರದ ಪುಟ್‌ಪಾತ್ ಸಂತೆಯಲ್ಲಿ ಪಠ್ಯಪುಸ್ತಕಗಳ ನಡುವೆ ಹಳೆಯ ಗ್ರಂಥಾಲಯಗಳ ಪ್ರತಿಗಳೂ ಕಣ್ಣಿಗೆ ಬೀಳುತ್ತವೆ. ಗ್ರಂಥಾಲಯದ ಮೊಹರು ಇದ್ದು, ‘ವಿಲೇವಾರಿ ಮಾಡಲಾಗಿದೆ’ ಎಂಬ ಗುರುತು ಇಲ್ಲದಿದ್ದರೆ ಮೊದಲು ಆ ಗ್ರಂಥಾಲಯವನ್ನೇ ಕೇಳಿ. ಕದ್ದ ಪುಸ್ತಕ ಎಷ್ಟೇ ಅಪರೂಪದ್ದಾದರೂ ಬೇಡ.

ಮನೆಗೆ ತಂದ ಮೇಲೆ ನಮ್ಮ ಬೇಸಿಗೆಯದೇ ಚಿಂತೆ. ಒಣಹವೆಯಲ್ಲಿ ಬೂಷ್ಟು ಕಡಿಮೆ, ನಿಜ. ಆದರೆ ಮೇ ತಿಂಗಳ ಬಿಸಿಲಿಗೆ ಚರ್ಮದ ಬೆನ್ನು ಬಿರಿಯುತ್ತದೆ. ಮಾಳಿಗೆ ಬಿಸಿಲಿಗೆ ಕಾಯುವ ಕೋಣೆಯಲ್ಲೂ ಪಡುವಣ ಗೋಡೆಗೂ ಅಲ್ಮಾರಿ ಇಡಬೇಡಿ. ಬಿರಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವುದು, ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದು ಎರಡೂ ಕೂಡದು. ದೊಡ್ಡ ಅಳತೆಯ ಸಂಪುಟಗಳನ್ನು ಮಲಗಿಸಿಯೇ ಇಡಿ. ಮಳೆಗಾಲದಲ್ಲಿ ಆಗಾಗ ಹೊರತೆಗೆದು, ಸಿಲ್ವರ್‌ಫಿಶ್ ಹುಳು ತಿಂದ ಗುರುತಿದೆಯೇ ಎಂದು ಹೊಲಿಗೆಯ ಸಂದು ನೋಡಿ.

ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಇರಲಿ: ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಯಾವ ಫಲಕ ಇಲ್ಲ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಬೇಡ.