ಹಳೆಯ ಮಾರುತಿ 800 ಮತ್ತು ಇ20 ಪೆಟ್ರೋಲ್: ನಾನು ಮಾಡಿಕೊಂಡ ಸಿದ್ಧತೆ

ನಮ್ಮ ಮನೆಯ ಮಾರುತಿ 800 ಕಾರು 2006ರ ಮಾದರಿಯದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ, 28 ಲೀಟರಿನ ಟ್ಯಾಂಕ್. ಈ ಕಾರು ತಯಾರಾದ ಕಾಲದಲ್ಲಿ ಪೆಟ್ರೋಲಿನ ಐದನೆಯ ಒಂದು ಭಾಗ ಎಥನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಆಗಿರುತ್ತದೆ ಎಂಬ ಲೆಕ್ಕ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ನೀಡಿದಾಗ ಅದು ಕೆಲವೇ ಬಂಕುಗಳಲ್ಲಿ ದೊರೆಯುತ್ತಿತ್ತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಸರ್ಕಾರ 2025ಕ್ಕೇ ತಂದುಕೊಂಡ ಕಾರಣ, ಎರಡೇ ವರ್ಷಗಳಲ್ಲಿ ಮಂಡ್ಯದ ಸುತ್ತಮುತ್ತ ಬೇರೆ ಸಾಮಾನ್ಯ ಪೆಟ್ರೋಲ್ ಸಿಗದ ಸ್ಥಿತಿ ಬಂದಿತು. ಕಾರನ್ನು ಮಾರುವ ಮನಸ್ಸು ನನಗಿರಲಿಲ್ಲ. ಆದ್ದರಿಂದ ಬದಲಾದ ಇಂಧನಕ್ಕೆ ಅದನ್ನು ಹೊಂದಿಸುವ ಕೆಲಸಕ್ಕೆ ಕೈ ಹಾಕಿದೆ.

ಎಥನಾಲಿನ ಮೂರು ಗುಣಗಳನ್ನು ತಿಳಿದುಕೊಂಡರೆ ಏನು ಮಾಡಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಅದು ಒಳ್ಳೆಯ ದ್ರಾವಕವಾದ್ದರಿಂದ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಗಷ್ಟನ್ನು ಸಡಿಲಗೊಳಿಸುತ್ತದೆ, ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನೀರನ್ನು ಹೀರಿಕೊಳ್ಳುತ್ತದೆ. ಮೂರನೆಯದಾಗಿ, ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿ ಕೊಡುತ್ತದೆ.

ನಾನು ಮೊದಲು ಹಿಡಿದದ್ದು ಪೆಟ್ರೋಲ್ ಪೈಪುಗಳನ್ನು. ಪೇಟೆಯ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರ ಜೊತೆ ನಿಂತು, ಟ್ಯಾಂಕನ್ನು ಬಹುಪಾಲು ಖಾಲಿ ಮಾಡಿ, ಬ್ಯಾಟರಿಯ ಸಂಪರ್ಕ ತೆಗೆದು, ಲೈನಿನಲ್ಲಿದ್ದ ಒತ್ತಡವನ್ನು ಇಳಿಸಿದ ಮೇಲೆಯೇ ಟ್ಯಾಂಕನ್ನು ಕೆಳಗಿಳಿಸಿದೆವು. ಹೊರಗಿನ ಪೈಪುಗಳು ನೋಡಲು ಚೆನ್ನಾಗಿಯೇ ಇದ್ದವು. ಟ್ಯಾಂಕಿನ ಒಳಗೆ, ಪಂಪಿಗೆ ಕೂಡಿಸಿದ್ದ ಗೇಣುದ್ದದ ತುಂಡನ್ನು ಬಿಚ್ಚಿದಾಗ ಮಾತ್ರ ನಿಜ ಸ್ಥಿತಿ ಕಂಡಿತು. ಉಗುರಿನಿಂದ ಒತ್ತಿದರೆ ಗುರುತು ಹಾಗೆಯೇ ಉಳಿಯುತ್ತಿತ್ತು, ಹಿಡಿದ ಬೆರಳಿಗೆ ಮಸಿಯಂತೆ ಕಪ್ಪು ಅಂಟುತ್ತಿತ್ತು. ಹೊರಗಿನ ಪೈಪು ಸೋರಿದರೆ ವಾಸನೆಯಿಂದ ತಿಳಿಯುತ್ತದೆ. ಒಳಗಿನದು ಬಿರಿದರೆ ಒತ್ತಡ ಕುಸಿದು ಕಾರು ಏರಿನಲ್ಲಿ ನಿಂತಾಗಲೇ ತಿಳಿಯುವುದು. ಹೊರಗಿನದನ್ನು ಎಥನಾಲ್ ತಡೆಯುವ ಫ್ಲೋರೋ ರಬ್ಬರಿನ ಒಳಪದರವಿರುವ ಪೈಪಿನಿಂದ ಬದಲಿಸಿದೆ. ಒಳಗಿನ ತುಂಡಿಗೆ ಇಂಧನದಲ್ಲಿ ಮುಳುಗಿಯೇ ಇರಲು ತಯಾರಿಸಿದ ಬೇರೆ ಪೈಪನ್ನೇ ತರಿಸಿದೆ. ಹೊರಗಿನ ಪೈಪನ್ನೇ ಒಳಗೂ ಹಾಕಿ ಮುಗಿಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಏಕೆಂದರೆ ಅದರ ಹೊರಮೈಗೆ ಪೆಟ್ರೋಲಿನಲ್ಲಿ ನೆನೆಯುವ ತಾಳಿಕೆ ಇರುವುದಿಲ್ಲ. ಇಂಜೆಕ್ಟರುಗಳ ಓ-ರಿಂಗ್‌ಗಳು, ಪಂಪಿನ ಮುಚ್ಚಳದ ಸೀಲು, ಕ್ಲಾಂಪುಗಳು ಇವೂ ಹೊಸವಾದವು.

ಟ್ಯಾಂಕ್ ಇಳಿದಿದ್ದರಿಂದ ಅದನ್ನು ತೊಳೆಯುವ ಕೆಲಸವೂ ಆಯಿತು. ಹಳೆಯ ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಬಡಿದಾಗ ಇಟ್ಟಿಗೆ ಬಣ್ಣದ ಸಣ್ಣ ಪುಡಿ ಉದುರಿತು. ಟ್ಯಾಂಕ್ ತೊಳೆದರೂ ಮೂಲೆಗಳಲ್ಲಿ ಉಳಿದ ಗಷ್ಟು ಹೊಸ ಇಂಧನಕ್ಕೆ ಕಳಚಿ ಬರುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಹೊಸ ಫಿಲ್ಟರನ್ನು ಬೇಗನೆ ತೆಗೆದು ಇನ್ನೊಂದನ್ನು ಹಾಕಿಸಿದೆ. ಬೆಲೆ ಕಡಿಮೆಯಿರುವ ಈ ಒಂದು ಭಾಗದಲ್ಲಿ ಜಿಪುಣತನ ಮಾಡಿದರೆ ಪಂಪು ಮತ್ತು ಇಂಜೆಕ್ಟರುಗಳ ದುರಸ್ತಿಗೆ ಅದರ ಹಲವು ಪಟ್ಟು ತೆರಬೇಕಾಗುತ್ತದೆ.

ನೀರಿನ ವಿಷಯದಲ್ಲಿ ಮಾಡಬೇಕಾದದ್ದು ಅಭ್ಯಾಸದ ಬದಲಾವಣೆ. ಎಥನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಂಡಿರುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ, ಪಂಪು ಮೊದಲು ಎಳೆಯುವುದು ಆ ತಳದ ದ್ರವವನ್ನೇ. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ನಾನು ಬಿಡುವುದಿಲ್ಲ, ಕಾರನ್ನು ವಾರಗಟ್ಟಲೆ ನಿಲ್ಲಿಸುವುದಿಲ್ಲ, ಮುಚ್ಚಳದ ರಬ್ಬರ್ ವಾಷರನ್ನು ಆಗಾಗ ನೋಡುತ್ತೇನೆ.

ಮೈಲೇಜನ್ನು ನಾನು ಮೊದಲಿನಿಂದಲೂ ಡೈರಿಯಲ್ಲಿ ಬರೆದಿಡುತ್ತ ಬಂದವನು. ಒಂದೇ ಬಂಕಿನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಮುಂದಿನ ಬಾರಿ ತುಂಬಿದ ಲೀಟರಿನಿಂದ ಭಾಗಿಸುವ ಹಳೆಯ ಲೆಕ್ಕ ಅದು. ಮೈಸೂರು ರಸ್ತೆಯ ಓಡಾಟದಲ್ಲಿ ಲೀಟರಿಗೆ 18ರ ಆಸುಪಾಸಿನಲ್ಲಿದ್ದ ಮೈಲೇಜ್ ಈಗ 17ರ ಒಳಗೆ ಬಂದಿದೆ. ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಂಜಿನ್ನಿನ ಓಟದಲ್ಲಿ ಮಾತ್ರ ತೊಂದರೆ ಕಂಡಿಲ್ಲ. ಎಥನಾಲಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ ಎಂಜಿನ್ನಿಗೆ ಇಂಧನ ಕಡಿಮೆ ಬಿದ್ದಂತಾಗುತ್ತದೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಅದನ್ನು ಗುರುತಿಸಿ ಇಂಜೆಕ್ಟರನ್ನು ಕೊಂಚ ಹೆಚ್ಚು ಹೊತ್ತು ತೆರೆಸುತ್ತದೆ. ಕಾರ್ಬ್ಯುರೇಟರ್ ಇರುವ 1990ರ ದಶಕದ ಕಾರುಗಳಿಗೆ ಈ ಸೌಲಭ್ಯವಿಲ್ಲ. ಅವುಗಳ ಮಾಲೀಕರು ಅನುಭವಿಗಳಿಂದ ಜೆಟ್ (ಪೆಟ್ರೋಲಿನ ಹರಿವನ್ನು ಅಳೆದು ಬಿಡುವ ಸಣ್ಣ ರಂಧ್ರದ ಭಾಗ) ಬದಲಿಸಿಕೊಳ್ಳದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗಬಹುದು.

ಇಷ್ಟೆಲ್ಲ ಖರ್ಚು ನನ್ನ ಜೇಬಿನಿಂದ ಆಯಿತು. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಾಗದು ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕಡಿಮೆ ಓಡುವ ಇಂಧನಕ್ಕೆ ಹಳೆಯ ದರವನ್ನೇ ತೆರಬೇಕಾಗಿರುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಆದರೂ ಎಥನಾಲನ್ನು ಸಾರಾಸಗಟಾಗಿ ವಿರೋಧಿಸಲು ನನಗೆ ಸಾಧ್ಯವಿಲ್ಲ, ಏಕೆಂದರೆ ನಾವು ಕಬ್ಬು ಬೆಳೆಯುವ ಮನೆಯವರು. ಸಕ್ಕರೆ ಮಾರಾಟವಾಗದೆ ಕಾರ್ಖಾನೆಗಳು ಬಾಕಿ ಉಳಿಸಿಕೊಂಡ ವರ್ಷಗಳನ್ನು ಕಂಡಿದ್ದೇವೆ. ಕಾಕಂಬಿಯಿಂದಲೋ ಕಬ್ಬಿನ ಹಾಲಿನಿಂದಲೋ ಬಂದ ಎಥನಾಲಿಗೆ ತೈಲ ಕಂಪನಿಗಳು ನಿಗದಿತ ದರ ಕೊಡುವುದರಿಂದ ಕಾರ್ಖಾನೆಯ ಕೈಯಲ್ಲಿ ಹಣ ಆಡುತ್ತದೆ. ಆ ಹಣ ಗದ್ದೆಯವರೆಗೆ ಪೂರ್ತಿ ಹರಿದು ಬರುವುದಿಲ್ಲ ಎಂಬುದು ಬೇರೆ ಮಾತು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತದ್ದೂ ಅದಕ್ಕಾಗಿಯೇ.

ನನ್ನ ಆಕ್ಷೇಪವಿರುವುದು ಅಕ್ಕಿಯಿಂದ ಎಥನಾಲ್ ತಯಾರಿಸುವುದರ ಬಗ್ಗೆ. 2023ರ ಜೂನಿನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗಾಗಿ ಕರ್ನಾಟಕ ಸರ್ಕಾರ ಕಿಲೋಗೆ 34 ರೂಪಾಯಿ ಕೊಟ್ಟು ಕೊಳ್ಳಲು ಸಿದ್ಧವಿದ್ದಾಗ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಿತು. ಆಗ ಎಥನಾಲ್ ತಯಾರಕರಿಗೆ ಆಹಾರ ನಿಗಮದ ಅಕ್ಕಿ ಕಿಲೋಗೆ 20 ರೂಪಾಯಿಯಂತೆ ಸಿಗುತ್ತಿತ್ತು. ಅವರಿಗೂ ಅದು ನಿಂತದ್ದು ಮುಂದಿನ ತಿಂಗಳು. ನಮ್ಮ ನೆರೆಯ ಮನೆಯವರಿಗೆ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂದಿತು, ಆ ಹಣಕ್ಕೆ ಅಂಗಡಿಯಲ್ಲಿ ಐದು ಕಿಲೋ ಅಕ್ಕಿ ಬರಲಿಲ್ಲ. 2025ರಲ್ಲಿ ಗೋದಾಮುಗಳು ತುಂಬಿ ತುಳುಕಿದವು, ಆಗ 52 ಲಕ್ಷ ಟನ್ ಅಕ್ಕಿಯನ್ನು ಎಥನಾಲಿಗೆ ಹಂಚಲಾಯಿತು. ಹೆಚ್ಚಾದ ದಾಸ್ತಾನು ಹುಳ ಹಿಡಿಯುವುದಕ್ಕಿಂತ ಇದು ಮೇಲು ಎಂಬ ವಾದದಲ್ಲಿ ಹುರುಳಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥನಾಲ್ ಬರುತ್ತದೆ. ನನ್ನ ಕಾರಿನ 28 ಲೀಟರ್ ಟ್ಯಾಂಕಿನಲ್ಲಿ ಇರುವ ಐದೂವರೆ ಲೀಟರಿಗೂ ಮಿಕ್ಕ ಎಥನಾಲ್ ಪೂರ್ತಿ ಅಕ್ಕಿಯಿಂದಲೇ ಬಂದಿದ್ದರೆ, ಅದಕ್ಕೆ ಸುಮಾರು 12 ಕಿಲೋ ಅಕ್ಕಿ ಬೇಕು. ಅನ್ನಭಾಗ್ಯದಲ್ಲಿ ಒಬ್ಬ ವ್ಯಕ್ತಿಗೆ ತಿಂಗಳಿಗೆಂದು ಘೋಷಿಸಿದ್ದು 10 ಕಿಲೋ.

ಬಂಕಿನ ನಳಿಕೆಯ ಮೇಲೆ ಇ20 ಎಂದು ಬರೆದರೆ ಸಾಲದು, ಆ ಎಥನಾಲ್ ಕಬ್ಬಿನದೋ ಮೆಕ್ಕೆಜೋಳದ್ದೋ ಅಕ್ಕಿಯದೋ ಎಂಬ ಪಾಲಿನ ಲೆಕ್ಕವನ್ನು ರಾಜ್ಯವಾರು ತಿಂಗಳು ತಿಂಗಳು ಪ್ರಕಟಿಸಬೇಕು. ಪಡಿತರಕ್ಕೆ ಅಕ್ಕಿ ಕೇಳಿದ ರಾಜ್ಯಕ್ಕೆ ಕೊಟ್ಟ ನಂತರವೇ ಉಳಿದದ್ದು ಭಟ್ಟಿಗೆ ಹೋಗಬೇಕು. ಹಳೆಯ ವಾಹನಗಳಿಗಾಗಿ ತಾಲ್ಲೂಕಿಗೊಂದಾದರೂ ಬಂಕಿನಲ್ಲಿ ಶೇ 10ರಷ್ಟು ಮಾತ್ರ ಎಥನಾಲ್ ಇರುವ ಇ10 ಉಳಿಯಬೇಕು. ಈ ಮೂರನ್ನೂ ಬರೆದು ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಕೊಟ್ಟಿದ್ದೇನೆ, ಜೊತೆಗೆ ಮೈಲೇಜಿನ ಡೈರಿಯ ಪುಟಗಳ ಜೆರಾಕ್ಸ್ ಪ್ರತಿಗಳನ್ನೂ ಲಗತ್ತಿಸಿದ್ದೇನೆ.