ಸೇದಿದ್ದೋ, ಕುಡಿದದ್ದೋ, ತಿಂದದ್ದೋ: ಗಾಂಜಾ ಅಮಲಿನಲ್ಲಿರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಕೈಪಿಡಿ

ಮನೆಯಲ್ಲಿ ಯಾರಾದರೂ ಗಾಂಜಾ ಅಥವಾ ಭಂಗಿಯ ಅಮಲಿನಲ್ಲಿದ್ದಾರೆಂದು ಗೊತ್ತಾದ ಕೂಡಲೇ ಹಿರಿಯರ ಬಾಯಿಂದ ಮೊದಲು ಹೊರಡುವುದು 'ಯಾಕೆ ಹೀಗೆ ಮಾಡಿಕೊಂಡಿ?' ಎಂಬ ಮಾತು. ಅದನ್ನು ಮರುದಿನ ಕೇಳಿದರೂ ಆಗುತ್ತದೆ. ಆ ಗಳಿಗೆಯಲ್ಲಿ ತಿಳಿಯಬೇಕಾದದ್ದು ಎರಡೇ ಸಂಗತಿ: ಅದು ಯಾವ ದಾರಿಯಲ್ಲಿ ದೇಹದೊಳಗೆ ಹೋಯಿತು ಮತ್ತು ಹೋಗಿ ಎಷ್ಟು ಹೊತ್ತಾಯಿತು. ಸೇದಿದವನ ಅಮಲು ಇಳಿಯುವ ಹೊತ್ತಿಗೆ ಕುಡಿದವನ ಅಮಲು ಇನ್ನೂ ಏರುತ್ತಿರಬಹುದಾದ್ದರಿಂದ, ಪಕ್ಕದಲ್ಲಿ ಎಷ್ಟು ಹೊತ್ತು ಕೂರಬೇಕು, ಯಾವಾಗ ನಿಶ್ಚಿಂತೆಯಾಗಬಹುದು, ಯಾವಾಗ ಗಾಡಿ ಹೊರಡಿಸಬೇಕು ಎಂಬುದೆಲ್ಲ ಈ ಎರಡು ಉತ್ತರಗಳ ಮೇಲೆಯೇ ನಿಂತಿದೆ. ಬೆಳಗಾವಿಯ ಹಾಸ್ಟೆಲುಗಳಿಗೆ ಮಕ್ಕಳನ್ನು ಕಳಿಸಿದವರು, ಬಾಗಲಕೋಟೆಯ ಹೋಳಿಗೆ ಹುಡುಗರನ್ನು ಬಿಡುವವರು, ವಿಜಯಪುರದ ಕಡೆ ಹೊಲಮನೆ ನೋಡಿಕೊಂಡಿರುವವರು ಇದನ್ನು ಓದುತ್ತಾರೆಂದು ಭಾವಿಸಿ ಬರೆದಿದ್ದೇನೆ. ಸೇವಿಸುವ ವಿಧಾನ ಕಲಿಯಲು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಗಿಡ ಒಂದೇ ಆದರೂ ಅದರ ಭಾಗಗಳು ಬೇರೆ ಬೇರೆ. ಹೆಣ್ಣು ಗಿಡದ ಹೂತೆನೆಯನ್ನು ಒಣಗಿಸಿದರೆ ಗಾಂಜಾ, ಎಲೆಗಳನ್ನು ಅರೆದರೆ ಭಂಗಿ ಅಥವಾ ಭಾಂಗ್, ಅಂಟನ್ನು ಬೇರ್ಪಡಿಸಿ ಉಂಡೆ ಮಾಡಿದರೆ ಚರಸ್. ಬ್ರಿಟಿಷ್ ಸರ್ಕಾರ 1893–94ರಲ್ಲಿ ನೇಮಿಸಿದ್ದ ಆಯೋಗವೂ ಈ ಮೂರನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಿತ್ತು. ಮೂರರಲ್ಲಿಯೂ ಅಮಲು ತರುವ ಮುಖ್ಯ ವಸ್ತು ಟಿಎಚ್‌ಸಿ. ಸಾಮಾನ್ಯವಾಗಿ ಅದು ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಹಸಿ ಗಿಡದಲ್ಲಿ ಈ ವಸ್ತು ಬಹುಪಾಲು ಆಮ್ಲ ರೂಪದಲ್ಲಿರುತ್ತದೆ, ಬಿಸಿ ತಾಗಿದಾಗ ಅಮಲಿನ ರೂಪಕ್ಕೆ ತಿರುಗುತ್ತದೆ. ನೀರಿನಲ್ಲಿ ಅದು ಹೆಚ್ಚುಕಡಿಮೆ ಕರಗುವುದೇ ಇಲ್ಲ. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಭಂಗಿಯನ್ನು ಹಿಂದಿನಿಂದಲೂ ಹಾಲು, ತುಪ್ಪ, ಬಾದಾಮಿಗಳ ಜೊತೆ ಸೇರಿಸುತ್ತ ಬಂದಿರುವುದು ಕೇವಲ ರುಚಿಗಾಗಿ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸೇದುವುದು ನಮ್ಮ ಕಡೆ ಹೆಚ್ಚಾಗಿ ಚಿಲುಮೆಯಲ್ಲಿ, ಇಲ್ಲವೇ ತಂಬಾಕು ಉದುರಿಸಿದ ಸಿಗರೇಟಿನಲ್ಲಿ, ಇಲ್ಲವೇ ತೆಳು ಹಾಳೆಯ ಸುರುಳಿಯಲ್ಲಿ. ಹೊಗೆ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ಕೆಲವೇ ನಿಮಿಷಗಳಲ್ಲಿ ಅಮಲು ಏರುತ್ತದೆ, ಅರ್ಧ ಗಂಟೆಯೊಳಗೆ ಬಹುತೇಕ ತುದಿ ಮುಟ್ಟುತ್ತದೆ, ಎರಡರಿಂದ ನಾಲ್ಕು ಗಂಟೆಗಳಲ್ಲಿ ಇಳಿಯುತ್ತದೆ. ಕಣ್ಣು ಕೆಂಪಾಗುವುದು, ಬಾಯಿ ಒಣಗುವುದು, ಎದೆಬಡಿತ ಜೋರಾಗುವುದು, ಸಮಯ ನಿಧಾನವಾಗಿ ಸರಿದಂತೆ ಅನಿಸುವುದು, ಕಾರಣವಿಲ್ಲದೆ ನಗು ಅಥವಾ ಭಯ ಉಕ್ಕುವುದು, ಇವೆಲ್ಲ ಸಾಮಾನ್ಯ. ಬೇಗ ಏರುವುದರಿಂದ ಸೇದುವವನಿಗೆ ಸಾಕಾಯಿತೆಂದು ತಿಳಿಯಲು ಅವಕಾಶವಿರುತ್ತದೆ. ಈ ದಾರಿಯಲ್ಲಿ ತಕ್ಷಣದ ಅಪಾಯ ಸ್ವಲ್ಪ ಕಡಿಮೆಯೆನ್ನುವುದಕ್ಕೆ ಅದೊಂದೇ ಕಾರಣ. ಗಾಂಜಾ ಗಿಡಮೂಲಿಕೆಯಾದ್ದರಿಂದ ಅದರ ಹೊಗೆ ಬೀಡಿಯ ಹೊಗೆಯಂತಲ್ಲ ಎಂದು ವಾದಿಸುವವರನ್ನು ಮಠದ ಕಟ್ಟೆಯ ಮೇಲೂ ಕಾಲೇಜಿನ ಕಟ್ಟೆಯ ಮೇಲೂ ಕಾಣಬಹುದು. ಉರಿಯುವ ಯಾವ ಎಲೆಯಿಂದಲೂ ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ಹೊರಡುತ್ತವೆ. ಜೊತೆಗೆ ತಂಬಾಕು ಬೆರೆಸಿದ್ದರೆ ನಿಕೋಟಿನ್ ಚಟವೂ ಅಂಟಿಕೊಳ್ಳುತ್ತದೆ, ಎಷ್ಟೋ ಹುಡುಗರು ಗಾಂಜಾ ಬಿಟ್ಟ ಮೇಲೂ ಸಿಗರೇಟು ಬಿಡಲಾರದೆ ಒದ್ದಾಡುವುದು ಇದರಿಂದಲೇ.

ಕುಡಿಯುವ ಮತ್ತು ತಿನ್ನುವ ದಾರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಓಡುವಂತೆ ಮಾಡುವುದು ಹೆಚ್ಚಾಗಿ ಇದೇ. ಹೋಳಿಯ ದಿನಗಳಲ್ಲಿ ಥಂಡೈ ಎಂದೋ ರಾಮರಸ ಎಂದೋ ಕೊಡುವ ಲೋಟದಲ್ಲಿ ಹಾಲು, ಸಕ್ಕರೆ, ಬಾದಾಮಿ, ಗಸಗಸೆ, ಬಡೇಸೋಪು, ಮೆಣಸುಗಳ ಜೊತೆ ಅರೆದ ಭಂಗಿ ಇರಬಹುದು. ಮಸಾಲೆಯ ಪರಿಮಳದಲ್ಲಿ ಎಲೆಯ ವಾಸನೆ ಅಡಗಿಹೋಗುತ್ತದೆ. ಕುಡಿದದ್ದು ಹೊಟ್ಟೆ ಮತ್ತು ಕರುಳನ್ನು ದಾಟಿ ಯಕೃತ್ತಿಗೆ ಹೋಗಿ, ಅಲ್ಲಿ ಟಿಎಚ್‌ಸಿಯ ಒಂದು ಪಾಲು ಮೆದುಳನ್ನು ಇನ್ನೂ ಸುಲಭವಾಗಿ ಹೊಗುವ ಮತ್ತೊಂದು ರೂಪಕ್ಕೆ ಬದಲಾಗಿ, ಆಮೇಲೆ ಕೆಲಸ ಆರಂಭಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಊಟವಾದ ಮೇಲೆ ಕುಡಿದಿದ್ದರೆ ಇನ್ನೂ ತಡವಾಗಬಹುದು. ಅನಾಹುತ ಹುಟ್ಟುವುದು ಈ ಕಾಯುವ ಹೊತ್ತಿನಲ್ಲಿ: ಮೊದಲ ಲೋಟ ಕುಡಿದು ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಎರಡನೆಯದನ್ನೂ ಕುಡಿದವನಿಗೆ, ಮುಂದೆ ಎರಡೂ ಒಟ್ಟಿಗೆ ಏರುತ್ತವೆ. ಅಮಲು ತುದಿ ಮುಟ್ಟುವುದು ಎರಡರಿಂದ ನಾಲ್ಕು ಗಂಟೆಗೆ, ಇಳಿಯುವುದು ಆರರಿಂದ ಎಂಟು ಗಂಟೆಗೆ. ಕೆಲವರಲ್ಲಿ ಹನ್ನೆರಡು ಗಂಟೆಯೂ ಹಿಡಿಯುತ್ತದೆ. ಅರೆದ ಎಲೆ ಪಾತ್ರೆಯ ತಳಕ್ಕೆ ಕೂರುವುದರಿಂದ ಮೇಲಿನ ಲೋಟಕ್ಕೂ ಕೊನೆಯ ಲೋಟಕ್ಕೂ ಬಲದಲ್ಲಿ ಅಜಗಜಾಂತರ ಇರುತ್ತದೆ. ಗೆಳೆಯ ಅಷ್ಟೇ ಕುಡಿದು ಚೆನ್ನಾಗಿದ್ದಾನೆಂಬ ಮಾತು ಆದ್ದರಿಂದಲೇ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳ ಹಿಂದೆ, ಹಲಗೆಯ ಸದ್ದಿಗೆ ಕುಣಿಯುತ್ತ ಬೆಳಗಿನಿಂದ ಬಿಸಿಲಲ್ಲಿ ತಿರುಗುವವರಿಗೆ ಇನ್ನೊಂದು ತೊಂದರೆಯಿದೆ. ಈ ಅಮಲಿನಲ್ಲಿ ಕೂತಲ್ಲಿಂದ ಎದ್ದಾಗ ರಕ್ತದೊತ್ತಡ ಕುಸಿಯುವುದುಂಟು. ಬೆವರು ಹರಿದು ನೀರು ಕಡಿಮೆಯಾದ ದೇಹದಲ್ಲಿ ಅದು ಇನ್ನೂ ಜೋರಾಗಿ ಆಗಿ, ನಿಂತವರು ನಿಂತಲ್ಲೇ ಬೀಳುತ್ತಾರೆ. ಹಬ್ಬಕ್ಕೆ ಹೋಗುವ ಹುಡುಗರಿಗೆ ಹೇಳಬೇಕಾದ ಮಾತು ಇಷ್ಟೇ: ಗುರುತಿಲ್ಲದವರ ಕೈಯಿಂದ ಹಾಲಿನ ಪಾನೀಯ ತೆಗೆದುಕೊಳ್ಳಬಾರದು, ಮನೆಯಿಂದಲೇ ನೀರಿನ ಬಾಟಲಿ ಒಯ್ಯಬೇಕು.

ಚಾಕೊಲೇಟು, ಗುಳಿಗೆ, ಲಡ್ಡುಗಳ ರೂಪದಲ್ಲಿ ಬರುವುದರ ಲೆಕ್ಕವೂ ಕುಡಿಯುವುದರ ಲೆಕ್ಕವೇ. ಇವು ಮಕ್ಕಳ ಕೈಗೆ ಸಿಗುವ ಅಪಾಯ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಎಣ್ಣೆಯನ್ನು ಬ್ಯಾಟರಿಯ ಕೊಳವೆಯಲ್ಲಿ ಬಿಸಿ ಮಾಡಿ ಆವಿ ಎಳೆಯುವ ವೇಪ್ ಹೊಗೆಯಷ್ಟೇ ಬೇಗ ಏರುತ್ತದೆ. ಇ-ಸಿಗರೇಟಿನ ತಯಾರಿಕೆ ಮತ್ತು ಮಾರಾಟಗಳನ್ನು ಭಾರತದಲ್ಲಿ 2019ರಲ್ಲೇ ನಿಷೇಧಿಸಲಾಗಿದ್ದು, ಕಳ್ಳದಾರಿಯಲ್ಲಿ ಬರುವ ಕೊಳವೆಯೊಳಗೆ ಏನಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಇಂಥ ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್‌ನಿಂದ ಅನೇಕರ ಶ್ವಾಸಕೋಶ ಹಾಳಾಯಿತು. ರಾಸಾಯನಿಕವಾಗಿ ತಯಾರಿಸಿದ ಕೃತಕ ಗಾಂಜಾ ಎಲ್ಲಕ್ಕಿಂತ ಕೆಟ್ಟದ್ದು: ಅದರಿಂದ ಅಪಸ್ಮಾರ ಮತ್ತು ತೀವ್ರ ಉದ್ರೇಕ ಬರಬಹುದು, ಸಾಮಾನ್ಯ ಗಾಂಜಾ ಪರೀಕ್ಷೆಯಲ್ಲಿ ಅದು ಪತ್ತೆಯಾಗುವುದೂ ಇಲ್ಲ.

ಇನ್ನು ಆರೈಕೆ. ಮೊದಲು ಗದ್ದಲ ಕಡಿಮೆ ಮಾಡಿ, ನೆರೆಹೊರೆಯವರನ್ನು ಹೊರಗೆ ಕಳಿಸಿ, ಮಂದ ಬೆಳಕಿನ ಕೋಣೆಯಲ್ಲಿ ಕೂರಿಸಿ ಅಥವಾ ಮಲಗಿಸಿ. ಬೈಕಿನ ಕೀಲಿ ನಿಮ್ಮ ಬಳಿ ಇರಲಿ. ಮಾಳಿಗೆ, ಬಾವಿ, ಕೆರೆಗಳ ಕಡೆ ಒಬ್ಬರೇ ಹೋಗಲು ಬಿಡಬೇಡಿ. ಸಾಯುತ್ತೇನೆಂಬ ಭಯ ಹುಟ್ಟಿದ್ದರೆ, 'ನೀನು ತೆಗೆದುಕೊಂಡದ್ದರಿಂದ ಹೀಗಾಗುತ್ತಿದೆ, ಇಷ್ಟು ಹೊತ್ತಿಗೆ ಇಳಿಯುತ್ತದೆ, ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ' ಎಂದು ಅದೇ ಮಾತನ್ನು ಮತ್ತೆ ಮತ್ತೆ ಶಾಂತವಾಗಿ ಹೇಳಿ. ಸೇದಿದ್ದೋ ಕುಡಿದದ್ದೋ ಎಂದು ತಿಳಿದಿದ್ದರೆ ಮಾತ್ರ ಆ ಹೊತ್ತನ್ನು ಸುಳ್ಳಾಗದಂತೆ ಹೇಳಲು ಸಾಧ್ಯ. ಎಚ್ಚರವಿದ್ದು ನುಂಗಬಲ್ಲವರಾದರೆ ಗುಟುಕು ಗುಟುಕಾಗಿ ನೀರು ಕೊಡಿ. ನಿದ್ದೆ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೂ ಗಂಟಲಿಗೆ ಸಿಕ್ಕಿಕೊಳ್ಳದು, ಆಗಾಗ ಮಾತನಾಡಿಸಿ ಉಸಿರಾಟ ನೋಡುತ್ತಿರಿ.

ಹುಳಿ ಮಜ್ಜಿಗೆ, ನಿಂಬೆರಸ, ಉಪ್ಪಿನಕಾಯಿ ಕೊಟ್ಟರೆ ಅಮಲು ಹರಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಕ್ತಕ್ಕೆ ಸೇರಿದ ಟಿಎಚ್‌ಸಿಯನ್ನು ಅವು ತೆಗೆಯಲಾರವು. ಅರೆಎಚ್ಚರದಲ್ಲಿರುವವರ ಬಾಯಿಗೆ ಸುರಿದರೆ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ತಲೆಯ ಮೇಲೆ ಕೊಡಗಟ್ಟಲೆ ತಣ್ಣೀರು ಸುರಿಯುವುದು, ಮನೆಯಲ್ಲಿರುವ ನಿದ್ದೆ ಗುಳಿಗೆ ಕೊಡುವುದು, ಯಾವುದನ್ನೂ ಮಾಡಬೇಡಿ. ಮದ್ಯವೂ ಸೇರಿದ್ದರೆ ತಲೆ ಸುತ್ತು, ವಾಂತಿ, ಮಂಪರು ಎಲ್ಲವೂ ಹೆಚ್ಚುತ್ತವೆ, ಅಂಥ ಸಂದರ್ಭದಲ್ಲಿ ಕಾಯುವ ಧೈರ್ಯ ತೋರಿಸದಿರುವುದೇ ಒಳ್ಳೆಯದು.

ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು, ಎದೆನೋವು, ಅಪಸ್ಮಾರ, ನಿಲ್ಲದ ವಾಂತಿ, ಬಿದ್ದು ತಲೆಗೆ ಪೆಟ್ಟಾಗಿರುವುದು, ಇಲ್ಲದ್ದನ್ನು ಕಂಡು ತನಗೋ ಪರರಿಗೋ ಅಪಾಯ ಮಾಡಲು ಹೊರಡುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹೃದಯದ ಕಾಯಿಲೆ ಇರುವವರು ಮತ್ತು ಗರ್ಭಿಣಿಯರ ವಿಷಯದಲ್ಲಿ ಲಕ್ಷಣ ಸಣ್ಣದಿದ್ದರೂ ವೈದ್ಯರಿಗೆ ತೋರಿಸಬೇಕು. ಮಗು ತಿಂದಿದೆ ಎಂಬ ಅನುಮಾನವಿದ್ದರಂತೂ ಯಾವ ಲಕ್ಷಣಕ್ಕೂ ಕಾಯಬಾರದು: ದೊಡ್ಡವರಿಗೆ ಬರೀ ಅಮಲಾಗುವ ಪ್ರಮಾಣದಿಂದ ಚಿಕ್ಕ ಮಕ್ಕಳು ಪ್ರಜ್ಞೆ ತಪ್ಪಬಹುದು, ಉಸಿರಾಟವೇ ಕುಗ್ಗಬಹುದು. ಉಳಿದ ಚಾಕೊಲೇಟು ಅಥವಾ ಅದರ ಹೊದಿಕೆಯನ್ನು ಜೊತೆಗೆ ಒಯ್ಯಿರಿ. ಮರ್ಯಾದೆಗೆ ಅಂಜಿ 'ಏನೋ ತಿಂದಿದ್ದು ಒಗ್ಗಲಿಲ್ಲ' ಎಂದು ವೈದ್ಯರ ಮುಂದೆ ಹೇಳುವುದರಿಂದ ಬೇಡದ ತಪಾಸಣೆಗಳಲ್ಲಿ ಹೊತ್ತು ಹೋಗುತ್ತದೆ.

ಅಮಲು ಇಳಿದ ಮೇಲೂ ಆ ದಿನ ಬೈಕು, ಟ್ರ್ಯಾಕ್ಟರ್, ಕಬ್ಬು ಅರೆಯುವ ಯಂತ್ರಗಳ ಹತ್ತಿರ ಬಿಡಬೇಡಿ. ಟಿಎಚ್‌ಸಿ ಕೊಬ್ಬಿನಲ್ಲಿ ಉಳಿಯುವುದರಿಂದ ಮೂತ್ರ ಪರೀಕ್ಷೆಯಲ್ಲಿ ಅದರ ಕುರುಹು ಕೆಲವು ದಿನ, ದಿನವೂ ಸೇವಿಸುವವರಲ್ಲಿ ಕೆಲವು ವಾರಗಳವರೆಗೂ ಕಾಣಿಸುತ್ತದೆ.

ಕಾನೂನಿನ ವಿಷಯದಲ್ಲಿ ಗಿಡದ ಭಾಗಕ್ಕೆ ತಕ್ಕಂತೆ ವ್ಯತ್ಯಾಸವಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಹೂತೆನೆಯನ್ನೂ ಚರಸ್ಸನ್ನೂ ನಿಷೇಧಿಸುತ್ತದೆ. ಹೂತೆನೆಯಿಲ್ಲದ ಬರೀ ಎಲೆ ಮತ್ತು ಬೀಜ ಅದರ ಗಾಂಜಾ ವ್ಯಾಖ್ಯೆಯಲ್ಲಿ ಇಲ್ಲ. ಕರ್ನಾಟಕ ಹೈಕೋರ್ಟ್ 2022ರಲ್ಲಿ ಭಾಂಗ್ ಸಂಬಂಧದ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಈ ವ್ಯತ್ಯಾಸವನ್ನು ಪರಿಗಣಿಸಿತ್ತು. ಅಷ್ಟಕ್ಕೇ ಭಾಂಗ್ ಮಾರಲು ಮುಕ್ತವೆಂದು ತಿಳಿಯಬಾರದು, ಅದು ಅಬಕಾರಿ ಕಾನೂನಿನ ಹಿಡಿತದಲ್ಲಿದೆ. ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತೊಗರಿ, ಹತ್ತಿ, ಕಬ್ಬಿನ ಸಾಲುಗಳ ನಡುವೆ ಗಿಡ ಬೆಳೆಸಿದರೆ ಹತ್ತು ವರ್ಷಗಳವರೆಗೆ ಶಿಕ್ಷೆಯಿದೆ. ತನ್ನ ಹೊಲದಲ್ಲಿ ಬೇರೆಯವರು ಬೆಳೆಸಿದ್ದು ಗೊತ್ತಾದರೂ ತಿಳಿಸದೆ ಸುಮ್ಮನಿದ್ದ ಭೂಮಾಲೀಕನೂ ತಪ್ಪಿತಸ್ಥನೇ.

ಅದೇ ಕಾಯ್ದೆಯ 64ಎ ಕಲಮು ಮನೆಯವರಿಗೆ ತಿಳಿದಿರಬೇಕು: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿದರೆ ಆ ಆರೋಪದ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ದಿನವೂ ಸೇವಿಸುತ್ತಿದ್ದವರು ಬಿಟ್ಟಾಗ ಮೊದಲ ವಾರ ಸಿಡುಕು, ನಿದ್ದೆಗೇಡು, ಊಟ ಬೇಡವಾಗುವುದು ಹೆಚ್ಚಿದ್ದು, ಬಹಳಷ್ಟು ಮಂದಿಗೆ ಎರಡು ವಾರಗಳಲ್ಲಿ ತಗ್ಗುತ್ತವೆ. ಆ ಅವಧಿಗೆ ಊರಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಇಲ್ಲವೇ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳವರು ಹೋಗಿಬರುವ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನ್ನು ಕಾಣಬಹುದು. ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಲು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಇವೆ. ಟೆಲಿ ಮನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.